ಚಾಳಿ ಎಂಬ ಮಾತು

(ಗದಗಿನ ಶಾಲೆಯೊಂದರಲ್ಲಿ ಶಿಕ್ಷಕರು ಮತ್ತು ಪಾಲಕರ ಮುಂದೆ ಆಡಿದ ಮಾತುಗಳ ಬರಹ ರೂಪ)

ನಾನು ಇಲ್ಲಿ ಬಂದು ನಿಂತು ಎರಡು ನಿಮಿಷ ಆಗಿಲ್ಲ. ಅಷ್ಟರಲ್ಲಿ ನನ್ನ ಬಲ ಹೆಗಲು ನಾಲ್ಕೈದು ಸಲ ಎಗರಿದೆ. ಮುಂದಿನ ಸಾಲಿನವರು ಕೆಲವರು ನೋಡಿದಿರಿ, ನೋಡಿ ಕಣ್ಣು ಬೇರೆ ಕಡೆ ಹೊರಳಿಸಿದಿರಿ. ಸಂಕೋಚ ಬೇಡ, ನೋಡಿ. ನಾನು ಮಾತು ಮುಗಿಸುವತನಕ ಇದು ಎಗರುತ್ತಲೇ ಇರುತ್ತದೆ. ನಡುನಡುವೆ ಗಂಟಲಿನಿಂದ ‘ಹ್ಞುಂ’ ಅಂತ ಒಂದು ಸದ್ದೂ ಬರುತ್ತದೆ. ಏಳನೇ ವಯಸ್ಸಿನಿಂದ ಇದು ನನ್ನ ಜೊತೆಗಿದೆ. ಇದಕ್ಕೆ ಟುರೆಟ್ ಸಿಂಡ್ರೋಮ್ ಅನ್ನುತ್ತಾರೆ. ಹೀಗೆ ತಾನಾಗಿ ಮತ್ತೆ ಮತ್ತೆ ಬರುವ ಚಲನೆಗೆ, ಸದ್ದಿಗೆ ‘ಟಿಕ್’ ಎನ್ನುತ್ತಾರೆ. ಅಂಥ ತೊಂದರೆಗಳ ಗುಂಪಿನಲ್ಲಿ ಇದೂ ಒಂದು.

ಈ ಹೆಸರು ನನಗೆ ಸಿಕ್ಕಿದ್ದು ಇಪ್ಪತ್ತಾರನೇ ವಯಸ್ಸಿಗೆ. ಅದಕ್ಕೆ ಮೊದಲು ಹತ್ತೊಂಬತ್ತು ವರ್ಷ ಇದಕ್ಕೆ ಮನೆಯಲ್ಲಿ, ಓಣಿಯಲ್ಲಿ, ಶಾಲೆಯಲ್ಲಿ ಒಂದೇ ಹೆಸರಿತ್ತು: ಚಾಳಿ. ಇವತ್ತು ನಾನು ಮಾತಾಡಬೇಕಾಗಿರುವುದು ಆ ಮಾತಿನ ಬಗ್ಗೆ.

ನಾನು ಹುಟ್ಟಿ ಬೆಳೆದದ್ದು ಇಲ್ಲೇ ಬೆಟಗೇರಿಯಲ್ಲಿ. ಮನೆಯಲ್ಲಿ ಮಗ್ಗ ಇತ್ತು. ಎರಡನೇ ಇಯತ್ತೆಯಲ್ಲಿದ್ದಾಗ ಕಣ್ಣು ಪಿಳಿಪಿಳಿ ಮಿಟುಕಿಸುವುದು ಶುರುವಾಯಿತು. ಅವ್ವ ರಾತ್ರಿ ಕಣ್ಣಿಗೆ ಹರಳೆಣ್ಣೆ ಹಚ್ಚಿದಳು. ಆಮೇಲೆ ಕಣ್ಣಿನ ಡಾಕ್ಟರ ಹತ್ತಿರ ಹೋದೆವು. ಕಣ್ಣಿಗೆ ಏನೂ ಆಗಿಲ್ಲ ಎಂದರು. ಮೂರು ತಿಂಗಳಿಗೆ ಅದು ತಾನಾಗಿಯೇ ನಿಂತಿತು. ಅವ್ವ ಹಣಮಪ್ಪನಿಗೆ ಕಾಯಿ ಒಡೆಸಿದಳು. ದೀಪಾವಳಿ ಹೊತ್ತಿಗೆ ಮೂಗು ಸೊಟ್ಟ ಮಾಡುವುದು ಬಂತು. ನಾಲ್ಕನೇ ಇಯತ್ತೆಗೆ ಹೆಗಲು, ಐದಕ್ಕೆ ಗಂಟಲ ಸದ್ದು. ದೃಷ್ಟಿ ತಾಗಿದೆ ಅಂತ ಉಪ್ಪು, ಮೆಣಸಿನಕಾಯಿ ಇಳಿ ತೆಗೆದರು. ತಾಯತ ಕಟ್ಟಿಸಿದರು. ಅವ್ವನ ಮೇಲೆ ನನಗೆ ಎಳ್ಳಷ್ಟೂ ಸಿಟ್ಟಿಲ್ಲ. ತನಗೆ ತಿಳಿದದ್ದನ್ನೆಲ್ಲ ಅವಳು ಮಾಡಿದಳು.

ಇಲ್ಲೊಂದು ವಿಷಯ ಗಮನಿಸಿ. ಒಂದು ಟಿಕ್ ಹೋಗುತ್ತದೆ, ಇನ್ನೊಂದು ಬರುತ್ತದೆ. ಒಂದು ವಾರ ಜೋರು, ಮುಂದಿನ ವಾರ ಸುಳಿವೇ ಇಲ್ಲ. ಹೀಗೆ ಏರುವುದು, ಇಳಿಯುವುದು, ಜಾಗ ಬದಲಿಸುವುದು ಇದರ ಸ್ವಭಾವ. ಇದು ಗೊತ್ತಿಲ್ಲದಿದ್ದರೆ ಮನೆಯವರು ಏನು ತಿಳಿಯುತ್ತಾರೆ? ಹೋದದ್ದು ಹರಕೆಯಿಂದ, ಬಂದದ್ದು ಹುಡುಗನ ಮೊಂಡುತನದಿಂದ.

ಐದನೇ ಇಯತ್ತೆಯಲ್ಲಿ ಒಬ್ಬ ಮಾಸ್ತರರು ನನ್ನನ್ನು ಪರೀಕ್ಷೆ ಮಾಡಿದರು. ಅವರ ಹೆಸರು, ಶಾಲೆಯ ಹೆಸರು ಬೇಡ. ಕೆಟ್ಟವರಲ್ಲ, ಚೆನ್ನಾಗಿ ಕಲಿಸುತ್ತಿದ್ದರು. ನನ್ನನ್ನು ಬೋರ್ಡಿನ ಪಕ್ಕ ನಿಲ್ಲಿಸಿ, “ಗಂಟಿ ಹೊಡಿಯೂತನಕ ಅಲುಗಾಡಬಾರದು, ಅಲುಗಾಡಿದ್ರ ನೋಡು” ಎಂದರು. ಕೈಯಲ್ಲಿ ರೂಲರ್ ಇತ್ತು. ನಾನು ನಿಂತೆ. ಹತ್ತು ನಿಮಿಷ ನಿಂತೆ. ಹೆಗಲು ಅಲುಗಲಿಲ್ಲ, ಸದ್ದು ಬರಲಿಲ್ಲ. ಗಂಟೆ ಹೊಡೆಯಿತು. ಮಾಸ್ತರರು ತರಗತಿಯ ಕಡೆ ತಿರುಗಿ, “ನೋಡಿದ್ರೇನು? ತಡಕೊಳ್ಳಾಕ ಬರ್ತೈತಿ ಇವಗ. ಬೇಕಂತ ಮಾಡ್ತಾನ” ಎಂದರು.

ಆ ಹತ್ತು ನಿಮಿಷದಲ್ಲಿ ಅವರು ಏನು ಪಾಠ ಮಾಡಿದರು ಅಂತ ನನಗೆ ಆವತ್ತೂ ಗೊತ್ತಿರಲಿಲ್ಲ, ಇವತ್ತೂ ಗೊತ್ತಿಲ್ಲ. ಮನೆಗೆ ಹೋಗಿ ಮಗ್ಗದ ಹಿಂದಿನ ಕತ್ತಲಲ್ಲಿ ಕೂತು ಒಂದು ತಾಸು ಹೆಗಲು ಎಗರಿಸಿದೆ.

ತಡೆದುಕೊಳ್ಳಲು ಬರುತ್ತದೆ, ಅದು ನಿಜ. ಸ್ವಲ್ಪ ಹೊತ್ತು, ತುಂಬ ಕಷ್ಟಪಟ್ಟು. ಅಷ್ಟಕ್ಕೇ ಬೇಕಂತಲೇ ಮಾಡುತ್ತಾನೆ ಎಂದು ತೀರ್ಮಾನಿಸಿಬಿಡುತ್ತೇವಲ್ಲ, ನಮ್ಮ ಮಕ್ಕಳು ತಿಂದ ಏಟು, ಬೈಗುಳ, ಅಣಕ ಎಲ್ಲವೂ ಹುಟ್ಟಿದ್ದು ಅಲ್ಲಿಂದಲೇ.

ಇದು ಬಾಯಿಮಾತಿನಲ್ಲಿ ಅರ್ಥವಾಗುವುದಿಲ್ಲ. ಒಂದು ಕೆಲಸ ಮಾಡೋಣ. ಈಗಿನಿಂದ ನಾನು ಕೈ ಎತ್ತುವವರೆಗೆ ಯಾರೂ ಉಗುಳು ನುಂಗಬೇಡಿ. ಅಷ್ಟರಲ್ಲಿ ನಾನೊಂದು ಲೆಕ್ಕ ಹೇಳುತ್ತೇನೆ. ಒಬ್ಬ ನೇಕಾರ ಸೋಮವಾರ ಎರಡೂವರೆ ಮೊಳ ನೇಯ್ದ. ಮಂಗಳವಾರ ಮೂರೂಕಾಲು. ಬುಧವಾರ ಮನೆಗೆ ಬೀಗರು ಬಂದರು, ಒಂದೇ ಮೊಳ ಆಯಿತು. ಗುರುವಾರ ಬೆಳಿಗ್ಗೆ ಬೇಗ ಕೂತ, ನಾಲ್ಕು ಮೊಳ ಎಳೆದ. ಒಟ್ಟು ಎಷ್ಟು?

ಇಲ್ಲಿ ಗಣಿತದ ಶಿಕ್ಷಕರು ಎಷ್ಟೋ ಜನ ಇದ್ದೀರಿ. ಎದ್ದ ಕೈ ಮೂರು. ಹತ್ತೂಮುಕ್ಕಾಲು ಮೊಳ. ಇನ್ನು ಉಗುಳು ನುಂಗಿರಿ. ಉಗುಳು ನುಂಗುವುದು ನಿಮ್ಮ ಇಚ್ಛೆಯಿಂದ ಆಗುತ್ತದೋ ಇಚ್ಛೆ ಮೀರಿ ಆಗುತ್ತದೋ? ಎರಡೂ ಹೌದು, ಎರಡೂ ಅಲ್ಲ. ತಡೆಯಬಹುದು, ಆದರೆ ತಡೆಯುವಾಗ ಗಮನವೆಲ್ಲ ಅಲ್ಲೇ ಇರುತ್ತದೆ. ನಿಮ್ಮ ತರಗತಿಯಲ್ಲಿ ಟಿಕ್ ಇರುವ ಮಗು ಗಪ್ಪಗೆ ಕೂತಿದೆ ಅಂದರೆ ಪಾಠ ಕೇಳುತ್ತಿದೆ ಅಂತಲ್ಲ. ಬಹಳ ಸಲ ಅದು ಈಗ ನೀವು ಮಾಡಿದ ಕೆಲಸವನ್ನು ಬೆಳಿಗ್ಗೆ ಹತ್ತರಿಂದ ಸಂಜೆಯವರೆಗೆ ಮಾಡುತ್ತಿರುತ್ತದೆ.

ಹೆಗಲು ಎಗರುವುದಕ್ಕೆ ಮುಂಚೆ ಏನಾಗುತ್ತದೆ ಅಂತ ಹೇಳುತ್ತೇನೆ. ಹೆಗಲ ಮೂಳೆಯ ಕೆಳಗೆ ಅಂಗೈಯಗಲದ ಒಂದು ಜಾಗ. ಮೊದಲು ಅಲ್ಲಿ ಬಿಸಿ ಏರಿದ ಹಾಗೆ. ಆಮೇಲೆ ಒಳಗೆ ಒಂದು ದಾರ ಬಿಗಿದ ಹಾಗೆ. ಮಗ್ಗ ಕಂಡವರಿಗೆ ಗೊತ್ತು, ಹಾಸಿನಲ್ಲಿ ಒಂದೇ ಒಂದು ಎಳೆ ಹೆಚ್ಚು ಬಿಗಿಯಾದರೆ ಸಾಕು, ನೇಯುವವನ ಕಣ್ಣು ಉಳಿದ ಸಾವಿರ ಎಳೆ ಬಿಟ್ಟು ಅದರ ಮೇಲೇ ನಿಲ್ಲುತ್ತದೆ. ಹಾಗೆ. ಹೆಗಲು ಎಗರಿದ ಕೂಡಲೇ ಎಳೆ ಸಡಿಲ. ಅರ್ಧ ನಿಮಿಷ ಸುಖ, ಮತ್ತೆ ಬಿಗಿ. ವೈದ್ಯರು ಇದನ್ನು ಟಿಕ್‌ಗೆ ಮುಂಚಿನ ತುಡಿತ ಎನ್ನುತ್ತಾರೆ. ಸಣ್ಣ ಮಕ್ಕಳಿಗೆ ಇದನ್ನು ಗುರುತಿಸಲು ಬರುವುದಿಲ್ಲ. ಎಂಟು, ಹತ್ತು ವರ್ಷ ದಾಟಿದ ಮೇಲೆ ಬಹಳಷ್ಟು ಮಕ್ಕಳು ಹೇಳಬಲ್ಲರು. ಯಾರಾದರೂ ಕೇಳಬೇಕು, ಅಷ್ಟೆ. ನನ್ನನ್ನು ಯಾರೂ ಕೇಳಿರಲಿಲ್ಲ. “ಯಾಕಲೇ ಹಂಗ ಮಾಡ್ತಿ?” ಅಂತ ಕೇಳಿದವರು ನೂರು ಜನ. “ಅದು ಬರೂಕಿಂತ ಮೊದಲ ನಿನಗ ಏನ್ ಅನಸ್ತೈತಿ?” ಅಂತ ಮೊದಲು ಕೇಳಿದವರು ನನಗೆ ಹೆಸರು ಹೇಳಿದ ಆ ಡಾಕ್ಟರೇ.

ಕಾರಣ ಇರುವುದು ಮಿದುಳಿನಲ್ಲಿ. ಮಿದುಳಿನ ಆಳದಲ್ಲಿ ಬೇಸಲ್ ಗ್ಯಾಂಗ್ಲಿಯಾ ಎನ್ನುವ ಭಾಗಗಳಿವೆ. ಯಾವ ಚಲನೆಯನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎನ್ನುವುದು ಆ ಭಾಗಗಳಿಗೂ ಮಿದುಳಿನ ಮೇಲ್ಪದರಕ್ಕೂ ನಡುವೆ ಓಡಾಡುವ ಸಂದೇಶಗಳಿಂದ ತೀರ್ಮಾನವಾಗುತ್ತದೆ. ಅಲ್ಲಿ ಬಾಗಿಲು ಸರಿಯಾಗಿ ಮುಚ್ಚದಿದ್ದರೆ, ಬೇಡದ ಚಲನೆ ಹೊರಗೆ ನುಸುಳುತ್ತದೆ. ಡೋಪಮಿನ್ ಎಂಬ ರಾಸಾಯನಿಕದ ಪಾತ್ರವೂ ಇದೆ. ವಂಶದಲ್ಲಿ ಹರಿದು ಬರುವುದು ಬಹಳ. ನಮ್ಮ ಸೋದರಮಾವ ಕೊನೆಯವರೆಗೂ ಕೊರಳು ತಿರುವುತ್ತಿದ್ದ. ಊರಿನವರು ಅವನಿಗೆ ಅಡ್ಡಹೆಸರು ಇಟ್ಟಿದ್ದರು. ಅದನ್ನು ನಾನಿಲ್ಲಿ ಹೇಳುವುದಿಲ್ಲ.

ಎಷ್ಟು ಮಕ್ಕಳಿಗೆ ಬರುತ್ತದೆ? ನಾಲ್ಕಾರು ತಿಂಗಳು ಬಂದು ಹೋಗುವ ಟಿಕ್ ಶಾಲಾಮಕ್ಕಳಲ್ಲಿ ಐದರಲ್ಲಿ ಒಬ್ಬರವರೆಗೂ ಕಾಣಬಹುದು ಎನ್ನುತ್ತಾರೆ. ಅದಕ್ಕೆ ಯಾರೂ ಗಾಬರಿಯಾಗಬೇಕಿಲ್ಲ. ಒಂದು ವರ್ಷ ದಾಟಿ ಉಳಿದರೆ ಆಗ ಹೆಸರು ಬದಲಾಗುತ್ತದೆ. ಮೈಯ ಚಲನೆಯ ಟಿಕ್ ಎರಡಾದರೂ, ಸದ್ದಿನ ಟಿಕ್ ಒಂದಾದರೂ ಬಂದು, ಹದಿನೆಂಟು ವರ್ಷದೊಳಗೆ ಶುರುವಾಗಿ, ವರ್ಷ ಮೀರಿದರೆ ಅದು ಟುರೆಟ್. ಅಂಥವರು ನೂರಕ್ಕೆ ಒಬ್ಬರು ಅಥವಾ ಅದಕ್ಕೂ ಕಡಿಮೆ. ಹುಡುಗಿಯರಿಗಿಂತ ಹುಡುಗರಲ್ಲಿ ಮೂರು, ನಾಲ್ಕು ಪಟ್ಟು ಹೆಚ್ಚು. ಸಾಮಾನ್ಯವಾಗಿ ನಾಲ್ಕರಿಂದ ಆರು, ಏಳನೇ ವಯಸ್ಸಿಗೆ ಶುರು, ಹತ್ತರಿಂದ ಹನ್ನೆರಡಕ್ಕೆ ಅತಿ ಜೋರು, ಆಮೇಲೆ ಬಹಳಷ್ಟು ಜನರಿಗೆ ಇಳಿಯುತ್ತದೆ. ಹತ್ತರಿಂದ ಹನ್ನೆರಡು ಅಂದರೆ ಐದು, ಆರು, ಏಳನೇ ಇಯತ್ತೆ. ಒಬ್ಬರನ್ನೊಬ್ಬರು ಅಣಕಿಸುವುದನ್ನು ಮಕ್ಕಳು ಚೆನ್ನಾಗಿ ಕಲಿತಿರುವ ವಯಸ್ಸೂ ಅದೇ. ಶಿಕ್ಷಕರು ಈ ಮೂರು ವರ್ಷ ಮಗುವನ್ನು ಕಾಯ್ದರೆ ಸಾಕು, ಎಷ್ಟೋ ಮಕ್ಕಳು ದಾಟಿಬಿಡುತ್ತಾರೆ.

ನಾನು ಕೆಲಸ ಮಾಡುವುದು ಕಾಲೇಜಿನ ಗ್ರಂಥಾಲಯದಲ್ಲಿ. ಆದ್ದರಿಂದ ಒಂದು ಪುಸ್ತಕದ ವಿಷಯ ಹೇಳಲು ಅವಕಾಶ ಕೊಡಿ. ಕನ್ನಡಕ್ಕೆ 1894ರಲ್ಲಿ ದೊಡ್ಡ ನಿಘಂಟು ಕೊಟ್ಟ ಕಿಟ್ಟೆಲ್ಲರು ನಮಗೆಲ್ಲ ಗೊತ್ತು. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜೇ ಇದೆ. ಇಂಗ್ಲಿಷಿಗೆ 1755ರಲ್ಲಿ ಅಂಥದೇ ಒಂದು ನಿಘಂಟು ಕೊಟ್ಟವರು ಸ್ಯಾಮ್ಯುಯೆಲ್ ಜಾನ್ಸನ್. ಅವರು ಕೂತಲ್ಲಿ ಮೈ ತೂಗುತ್ತಿದ್ದರು, ಬಾಯಲ್ಲಿ ವಿಚಿತ್ರ ಸದ್ದು ಮಾಡುತ್ತಿದ್ದರು, ದಾರಿಯಲ್ಲಿ ಹೋಗುವಾಗ ಕಂಬಗಳನ್ನು ಮುಟ್ಟಿ ಮುಟ್ಟಿ ಹೋಗುತ್ತಿದ್ದರು. ಜೊತೆಗಿದ್ದವರು ಇದನ್ನೆಲ್ಲ ಬರೆದಿಟ್ಟಿದ್ದಾರೆ. ಅದನ್ನು ಓದಿದ ಈಗಿನ ವೈದ್ಯರಲ್ಲಿ ಅನೇಕರು ಅವರಿಗೆ ಟುರೆಟ್ ಇದ್ದಿರಬೇಕು ಎನ್ನುತ್ತಾರೆ. ಒಂದು ಸಲ ಒಬ್ಬ ಸಣ್ಣ ಹುಡುಗಿ ನೇರವಾಗಿ ಕೇಳಿಬಿಟ್ಟಳಂತೆ, ಯಾಕೆ ಹೀಗೆ ಮಾಡುತ್ತೀರಿ ಎಂದು. ಅವರು ಕೊಟ್ಟ ಉತ್ತರ: ಕೆಟ್ಟ ಚಾಳಿಯಿಂದ, ಮಗೂ, ನೀನು ಅಂಥ ಚಾಳಿ ಬೀಳದಂತೆ ನೋಡಿಕೋ.

ಒಂದು ಭಾಷೆಯ ನಲವತ್ತು ಸಾವಿರಕ್ಕೂ ಹೆಚ್ಚು ಮಾತುಗಳಿಗೆ ಅರ್ಥ ಬರೆದ ಮನುಷ್ಯನಿಗೆ ತನ್ನ ಮೈಯಲ್ಲಿ ನಡೆಯುತ್ತಿದ್ದುದಕ್ಕೆ ಮಾತು ಇರಲಿಲ್ಲ. ಜನ ಹೇಳಿದ್ದನ್ನೇ ಅವರೂ ನಂಬಿದ್ದರು. ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿ ಎದ್ದು ಹೊರಗೆ ಹೋದೆ.

ಫ್ರಾನ್ಸಿನ ವೈದ್ಯ ಗಿಲ್ ದ ಲಾ ಟುರೆಟ್ ಒಂಬತ್ತು ರೋಗಿಗಳ ವಿವರ ಕೊಟ್ಟು ಇದನ್ನು ಬರೆದದ್ದು 1885ರಲ್ಲಿ, ಜಾನ್ಸನ್ ತೀರಿಕೊಂಡು ನೂರು ವರ್ಷದ ಮೇಲೆ. ಅಷ್ಟಾದರೂ ಮುಂದೆ ಬಹಳ ವರ್ಷ ಇದನ್ನು ಮನಸ್ಸಿನ ಗಂಟು, ತಾಯ್ತಂದೆಯರು ಬೆಳೆಸಿದ ರೀತಿಯ ತಪ್ಪು ಎಂದೇ ಹೇಳುತ್ತಿದ್ದರು. 1960ರ ದಶಕದಲ್ಲಿ ಹ್ಯಾಲೊಪೆರಿಡಾಲ್ ಎಂಬ ಔಷಧಿಯಿಂದ ಟಿಕ್ ಇಳಿಯುವುದು ಕಂಡ ಮೇಲೆ ನೋಟ ಬದಲಾಯಿತು. ಇಲ್ಲಿ ಕೂತಿರುವ ತಾಯಂದಿರಿಗೆ ಇದನ್ನು ಒತ್ತಿ ಹೇಳುತ್ತೇನೆ: ನಿಮ್ಮ ತಪ್ಪಿನಿಂದ ಇದು ಬಂದದ್ದಲ್ಲ. ಮುದ್ದು ಹೆಚ್ಚಾಗಿ ಬಂದದ್ದಲ್ಲ, ಹೊಡೆದದ್ದಕ್ಕೆ ಬಂದದ್ದೂ ಅಲ್ಲ.

ಸಿನಿಮಾ, ಟೀವಿ ನೋಡಿದವರು ಟುರೆಟ್ ಅಂದರೆ ಬಾಯಿಗೆ ಬಂದ ಹಾಗೆ ಕೆಟ್ಟ ಬೈಗುಳ ಬೈಯುವ ರೋಗ ಎಂದುಕೊಂಡಿರುತ್ತಾರೆ. ಅದು ಇರುವುದು ನೂರರಲ್ಲಿ ಹತ್ತು, ಹದಿನೈದು ಜನರಿಗೆ. ಆ ಹತ್ತು ಹದಿನೈದು ಮಂದಿಯ ಪಾಡು ನಮಗಿಂತ ಕಷ್ಟದ್ದು. ಆ ಮಾತು ಅವರ ಮನಸ್ಸಿನ ಮಾತಲ್ಲ.

ಬ್ಯಾಡಗಿಯ ಒಂದು ಹುಡುಗಿಯ ವಿಷಯ ಹೇಳಬೇಕು. ಅವರ ಮನೆಯವರು ಒಪ್ಪಿದ್ದಕ್ಕೆ ಹೇಳುತ್ತಿದ್ದೇನೆ, ಹೆಸರು ಬಿಟ್ಟು. ಬ್ಯಾಡಗಿ ಅಂದರೆ ಮೆಣಸಿನಕಾಯಿ ಊರು. ಸುಗ್ಗಿಯಲ್ಲಿ ಮಾರ್ಕೆಟ್ ಕಡೆ ಹೋದರೆ ಯಾರಿಗಾದರೂ ಕೆಮ್ಮು ಬರುತ್ತದೆ. ಆಕೆಯ ತಾಯಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುವವರು. ಹುಡುಗಿ ಒಣಕೆಮ್ಮು ಕೆಮ್ಮಲು ಶುರು ಮಾಡಿದಾಗ ಎಲ್ಲರೂ ಘಾಟು ಎಂದೇ ತಿಳಿದರು. ಎರಡು ವರ್ಷ ಕೆಮ್ಮಿನ ಔಷಧಿ, ಎಕ್ಸ್‌ರೇ, ಕಷಾಯ. ಸುಗ್ಗಿ ಮುಗಿದು ಮಳೆಗಾಲ ಬಂದರೂ ಕೆಮ್ಮು ಹೋಗಲಿಲ್ಲ. ಕೊನೆಗೆ ಒಬ್ಬ ಮಕ್ಕಳ ಡಾಕ್ಟರು ಕೇಳಿದರಂತೆ, “ನಿದ್ದಿಯೊಳಗ ಕೆಮ್ಮತಾಳೇನವಾ?” ತಾಯಿ ಸ್ವಲ್ಪ ಹೊತ್ತು ವಿಚಾರ ಮಾಡಿ, “ಇಲ್ರೀ, ಮಲಗಿದ ಮ್ಯಾಲೆ ಒಮ್ಮೆನೂ ಇಲ್ಲ” ಎಂದರು. ಆಮೇಲೆ ಡಾಕ್ಟರು ಹುಡುಗಿಯ ಕಣ್ಣು ನೋಡಿದರು. ಕಣ್ಣೂ ಮಿಟುಕುತ್ತಿತ್ತು. ಅದನ್ನು ಮನೆಯಲ್ಲಿ ಯಾರೂ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ನಿದ್ದೆಯಲ್ಲಿ ಟಿಕ್ ತೀರಾ ಕಡಿಮೆಯಾಗುತ್ತದೆ. ಮಗು ಯಾವುದಾದರೂ ಕೆಲಸದಲ್ಲಿ ಮುಳುಗಿದಾಗಲೂ ಹಾಗೆ. ದಣಿವು, ಭಯ, ಸಂಭ್ರಮ, ಪರೀಕ್ಷೆ ಇವು ಹೆಚ್ಚು ಮಾಡುತ್ತವೆ. ಆದರೆ ಮನೆಯಲ್ಲಿ ಕೂತು ನೀವೇ ತೀರ್ಮಾನ ಮಾಡಬೇಡಿ, ಯಾಕೆಂದರೆ ಟಿಕ್‌ನಂತೆ ಕಾಣುವ ಬೇರೆ ಕಾಯಿಲೆಗಳಿವೆ. ಗಂಟಲು ನೋವು ಬಂದು ಹೋದ ಕೆಲ ವಾರ ಅಥವಾ ತಿಂಗಳ ಮೇಲೆ ಮಗುವಿನ ಕೈಕಾಲು ನಿಲ್ಲದೆ ಹರಿದಾಡುತ್ತಿದ್ದರೆ, ಲೋಟ ಕೈಜಾರುತ್ತಿದ್ದರೆ, ಅಕ್ಷರ ಕೆಟ್ಟರೆ, ಅದು ರುಮ್ಯಾಟಿಕ್ ಜ್ವರದಿಂದ ಬರುವ ಕೊರಿಯಾ ಎಂಬ ಕಾಯಿಲೆ ಇರಬಹುದು. ಅದರಲ್ಲಿ ಹೃದಯಕ್ಕೂ ಪೆಟ್ಟಾಗಬಹುದು, ತಡ ಮಾಡಬಾರದು. ಮಗು ಕಣ್ಣು ಮಿಟುಕಿಸುತ್ತ ಕೆಲವು ಕ್ಷಣ ಕರೆದರೂ ಓಗೊಡದಿದ್ದರೆ ಮೂರ್ಛೆಯ ಒಂದು ಬಗೆ ಇರಬಹುದು. ಇದನ್ನು ವೈದ್ಯರೇ ಹೇಳಬೇಕು. ಟಿಕ್ ಇರುವ ಬಹಳ ಮಕ್ಕಳಿಗೆ ಗಮನ ನಿಲ್ಲದ ಎಡಿಎಚ್‌ಡಿ, ಮಾಡಿದ್ದನ್ನೇ ಮಾಡಿಸುವ ಒಸಿಡಿ ಕೂಡ ಜೊತೆಗಿರುತ್ತವೆ. ಎಷ್ಟೋ ಮಕ್ಕಳನ್ನು ಟಿಕ್‌ಗಿಂತ ಅವೇ ಹೆಚ್ಚು ಕಾಡುತ್ತವೆ. ಅದನ್ನೂ ಕೇಳಿ ನೋಡಿಸಿಕೊಳ್ಳಿ.

ಇನ್ನು ಪರೀಕ್ಷೆಯ ಮಾತು. 1993, ಎಸ್ಸೆಸ್ಸೆಲ್ಸಿ, ಗಣಿತದ ಪತ್ರಿಕೆ. ಆ ವರ್ಷ ನನಗಿದ್ದ ಟಿಕ್ ಕಣ್ಣುಗುಡ್ಡೆಯನ್ನು ಎಡಗಡೆಗೆ ಎಳೆಯುವುದು. ಎಡಗಡೆ ಬೆಂಚಿನಲ್ಲಿ ಕೂತವನು ಜಾಣ ಹುಡುಗ. ಕೊಠಡಿಯಲ್ಲಿದ್ದವರು ಎರಡು ಸಲ ಎಚ್ಚರಿಸಿದರು. ಹೆದರಿಕೆಗೆ ಟಿಕ್ ಇನ್ನೂ ಜೋರಾಯಿತು. ಮೂರನೇ ಸಲ ಎಬ್ಬಿಸಿ ಜೇಬು, ಕಾಲುಚೀಲ, ಕಂಪಾಸ್ ಪೆಟ್ಟಿಗೆ ಎಲ್ಲ ಹುಡುಕಿದರು. ಏನೂ ಸಿಗಲಿಲ್ಲ. ಆದರೂ ನನ್ನನ್ನು ವರಾಂಡದ ತುದಿಗೆ ಒಯ್ದು ಗೋಡೆಗೆ ಮುಖ ಮಾಡಿ ಕೂರಿಸಿದರು. ಇಪ್ಪತ್ತು ನಿಮಿಷ ಹೋಯಿತು. ನಾಚಿಕೆಗೆ ಕಣ್ಣಲ್ಲಿ ನೀರು. ಆದರೆ ಗೋಡೆಯ ಮುಂದೆ ಕೂತ ಮೇಲೆ ಬೇರೆಯೇ ಆಯಿತು. ನನ್ನನ್ನು ನೋಡುವವರು ಯಾರೂ ಇರಲಿಲ್ಲ. ಕಣ್ಣು ಎಷ್ಟು ಬೇಕೋ ಅಷ್ಟು ಎಳೆದುಕೊಳ್ಳಲಿ ಎಂದು ಬಿಟ್ಟೆ, ಲೆಕ್ಕ ಮಾಡಿದೆ. ಉಳಿದ ಯಾವ ಪತ್ರಿಕೆಯನ್ನೂ ನಾನು ಅಷ್ಟು ಚೆನ್ನಾಗಿ ಬರೆಯಲಿಲ್ಲ.

ಶಿಕ್ಷೆ ಅಂತ ಕೊಟ್ಟ ಜಾಗವೇ ನನಗೆ ಬೇಕಾದ ಜಾಗವಾಗಿತ್ತು. ಅದನ್ನು ಕಳ್ಳನೆಂಬ ಹೆಸರಿಲ್ಲದೆ, ಮೊದಲೇ ಕೇಳಿ, ಸ್ವಲ್ಪ ಹೆಚ್ಚು ಸಮಯದ ಜೊತೆ ಕೊಟ್ಟಿದ್ದರೆ? ನೀವು ನಿಮ್ಮ ಶಾಲೆಯ ಕಿರುಪರೀಕ್ಷೆಯಲ್ಲೇ ಇದನ್ನು ಶುರು ಮಾಡಬಹುದು. ಯಾರ ಅಪ್ಪಣೆಯೂ ಬೇಕಿಲ್ಲ. ತರಗತಿಯಲ್ಲಿ ಅಂಥ ಮಗುವನ್ನು ಮುಂದಿನ ಬೆಂಚಿಗೆ ತರಬೇಡಿ, ಹಿಂದಿನ ನಲವತ್ತು ಕಣ್ಣು ಅದರ ಬೆನ್ನಿಗೆ ನೆಟ್ಟಿರುತ್ತವೆ. ಬದಿಯ ಸಾಲು ಒಳ್ಳೆಯದು. ತಡೆಯಲಾಗದಾಗ ಐದು ನಿಮಿಷ ಹೊರಗೆ ಹೋಗಿ ಬರಲು ಒಂದು ಸನ್ನೆ ಇಟ್ಟುಕೊಳ್ಳಿ. ಹೆಗಲು ಎಗರಿದಾಗ ಏನೂ ಅನ್ನಬೇಡಿ, ಪಾಠ ಮುಂದುವರಿಸಿ. ಹೊಡೆಯುವುದಂತೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮಿನ ಪ್ರಕಾರ ನಿಷಿದ್ಧ. ಮಾನಸಿಕ ಹಿಂಸೆಯೂ ಅದೇ ಕಲಮಿನಲ್ಲಿದೆ. ಅಣಕವಾಡುವುದೂ ಹಿಂಸೆಯೇ.

ಚಿಕಿತ್ಸೆ ಇದೆಯೇ ಎಂದು ಚೀಟಿ ಬಂದಿದೆ. ಬೇರು ಸಹಿತ ಕಿತ್ತು ಹಾಕುವಂಥದ್ದಿಲ್ಲ. ಬಹಳ ಮಕ್ಕಳಿಗೆ ಔಷಧಿ ಬೇಕಾಗುವುದೂ ಇಲ್ಲ, ಸುತ್ತಲಿನವರಿಗೆ ತಿಳಿವಳಿಕೆ ಬಂದರೆ ಸಾಕಾಗುತ್ತದೆ. ತೊಂದರೆ ಹೆಚ್ಚಿದ್ದರೆ ಮೊದಲು ವರ್ತನಾ ಚಿಕಿತ್ಸೆ. ಇದರ ಬೇರು 1973ರಲ್ಲಿ ಅಜ್ರಿನ್ ಮತ್ತು ನನ್ ಎಂಬ ಇಬ್ಬರು ಮನಃಶಾಸ್ತ್ರಜ್ಞರು ರೂಪಿಸಿದ ಕ್ರಮದಲ್ಲಿದೆ. ತುಡಿತ ಬಂದಾಗ ಟಿಕ್‌ಗೆ ಎಡೆಗೊಡದ ಇನ್ನೊಂದು ಚಲನೆಯನ್ನು ಮಾಡುವುದು. ನನಗೆ ಕಲಿಸಿದ್ದು ಹೀಗೆ: ಹೆಗಲಲ್ಲಿ ಬಿಸಿ ಏರಿದ ಕೂಡಲೇ ಮೊಣಕೈಯನ್ನು ಮೆಲ್ಲಗೆ ಪಕ್ಕೆಗೆ ಒತ್ತಿ ಹಿಡಿದು, ನಿಧಾನಕ್ಕೆ ಉಸಿರು ಬಿಡುತ್ತ, ತುಡಿತ ಕರಗುವವರೆಗೆ ಇರುವುದು. 2010ರಲ್ಲಿ ಅಮೆರಿಕದಲ್ಲಿ 126 ಮಕ್ಕಳ ಮೇಲೆ ಇಂಥ ಚಿಕಿತ್ಸೆಯ ಅಧ್ಯಯನ ಪ್ರಕಟವಾಯಿತು. ಚಿಕಿತ್ಸೆ ಪಡೆದವರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಕ್ಕಳಿಗೆ ಗುಣ ಕಂಡಿತು. ‘ತಡಿ’ ಎಂದು ರೂಲರ್ ತೋರಿಸುವುದಕ್ಕೂ ಇದಕ್ಕೂ ಅಜಗಜಾಂತರ. ಇದು ಮಗು ಒಪ್ಪಿ, ಕಲಿತು, ತನಗೆ ಬೇಕಾದಾಗ ಮಾಡುವಂಥದ್ದು. ಕಲಿಸಬಲ್ಲವರು ನಮ್ಮ ಕಡೆ ಕಡಿಮೆ ಎನ್ನುವುದೇ ಕೊರಗು. ಕ್ಲೊನಿಡಿನ್, ರಿಸ್ಪೆರಿಡೋನ್, ಅರಿಪಿಪ್ರಜೋಲ್ ಮುಂತಾದ ಔಷಧಿಗಳಿವೆ. ನಾನು ಎರಡು ವರ್ಷ ಒಂದು ಮಾತ್ರೆ ನುಂಗಿದೆ. ಟಿಕ್ ಇಳಿಯಿತು, ತೂಕ ಏರಿತು, ಮಧ್ಯಾಹ್ನ ನಿದ್ದೆ ತಡೆಯಲಾಗುತ್ತಿರಲಿಲ್ಲ. ವೈದ್ಯರೇ ಕ್ರಮವಾಗಿ ಬಿಡಿಸಿದರು. ನಿಮ್ಮಷ್ಟಕ್ಕೆ ನೀವು ಶುರು ಮಾಡುವುದೂ ಬೇಡ, ಬಿಡುವುದೂ ಬೇಡ.

ಮೊಬೈಲ್ ನೋಡಿ ಬರುತ್ತದೆಯೇ ಎಂದು ಇನ್ನೊಂದು ಚೀಟಿ. ನನಗೆ ಬಂದಾಗ ನಮ್ಮ ಓಣಿಯಲ್ಲಿ ಫೋನೇ ಇರಲಿಲ್ಲ. ಕೊರೋನಾ ಕಾಲದಲ್ಲಿ ಹದಿಹರೆಯದವರಲ್ಲಿ, ಹುಡುಗಿಯರಲ್ಲೇ ಹೆಚ್ಚಾಗಿ, ಒಮ್ಮೆಲೇ ಟಿಕ್‌ನಂಥ ಜೋರು ಚಲನೆಗಳು ಶುರುವಾದದ್ದನ್ನು ಹಲವು ದೇಶಗಳ ವೈದ್ಯರು ಕಂಡರು. ಅದರ ಬಗೆ ಬೇರೆ, ಚಿಕಿತ್ಸೆ ಬೇರೆ. ಅದೂ ನಾಟಕವಲ್ಲ.

ಒಂದು ವಿಷಯ ಹೇಳದೆ ಹೋಗಲಾರೆ. ನನಗೆ ಹನ್ನೊಂದು ವರ್ಷ ಇದ್ದಾಗ, ಅತಿ ಕೆಟ್ಟ ದಿನಗಳಲ್ಲಿ, ಪಕ್ಕದ ಮನೆಯ ಕಾಕಾ ಸಂಜೆ ನನ್ನನ್ನು ವೀರೇಶ್ವರ ಪುಣ್ಯಾಶ್ರಮಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಪುಟ್ಟರಾಜ ಗವಾಯಿಗಳಿದ್ದ ಕಾಲ. ಕಣ್ಣಿಲ್ಲದ ಹುಡುಗರು ಸಾಲಾಗಿ ಕೂತು ಹಾಡುತ್ತಿದ್ದರು. ನಾನು ಅವರ ನಡುವೆ ಹೋಗಿ ಕೂರುತ್ತಿದ್ದೆ. ಅಲ್ಲಿ ನನ್ನ ಹೆಗಲನ್ನು ನೋಡುವವರೇ ಇರಲಿಲ್ಲ. ಆ ಒಂದು ತಾಸು ಹೆಗಲು ಎಷ್ಟು ಸುಮ್ಮನಿರುತ್ತಿತ್ತು ಎಂದರೆ, ಅದು ಇದೆ ಎನ್ನುವುದೇ ಮರೆತುಹೋಗುತ್ತಿತ್ತು. ಗಂಟಲ ಸದ್ದು ಮಾತ್ರ ಅವರಿಗೆ ಕೇಳುತ್ತಿತ್ತು. ಒಂದು ದಿನ ನನ್ನ ಪಕ್ಕದ ಹುಡುಗ, ನನಗಿಂತ ನಾಲ್ಕು ವರ್ಷ ದೊಡ್ಡವನು, ಹಾಡು ನಿಂತಾಗ ಹೇಳಿದ, “ನಿನ್ನ ಹುಂಕಾರ ಯಾವಾಗ್ಲೂ ಒಂದ ಸ್ವರದಾಗ ಬರ್ತೈತಿ, ಗೊತ್ತೈತೇನು?” ಹೇಳಿ, ಹಾರ್ಮೋನಿಯಂನಲ್ಲಿ ಆ ಸ್ವರ ಒತ್ತಿ ತೋರಿಸಿದ. ಯಾಕೆ ಹಾಗೆ ಮಾಡುತ್ತೀ ಎಂದು ಕೇಳಲಿಲ್ಲ. ಬೆಟ್ಟು ಎತ್ತಿ ಮುಂದಿನ ಹಾಡಿಗೆ ಶ್ರುತಿ ಹಿಡಿದ.

ಈಗ ಕಡೆಯ ಚೀಟಿ, ಒಬ್ಬ ತಾಯಿ ಬರೆದದ್ದು. “ನನ್ನ ಮಗ ಮೂರನೇತ್ತೆ. ಎಂಟು ತಿಂಗಳಿಂದ ಕೊರಳು ಅಲುಗಿಸ್ತಾನ. ನಾನು ದಿನಾ ಬೈತಿದ್ದೆ. ಎಲ್ಲಿ ತೋರಿಸಬೇಕು?” ಅಕ್ಕಾರೆ, ಮೊದಲು ಮಕ್ಕಳ ಡಾಕ್ಟರಿಗೆ ತೋರಿಸಿ. ಹೋಗುವ ಮುಂಚೆ ಅವನು ಆಡುವಾಗಿನ ಒಂದೆರಡು ನಿಮಿಷದ ವಿಡಿಯೋ ತೆಗೆದುಕೊಳ್ಳಿ, ಯಾಕೆಂದರೆ ಡಾಕ್ಟರ ಎದುರು ಮಕ್ಕಳು ಎಷ್ಟೋ ಸಲ ತಡೆದುಕೊಂಡುಬಿಡುತ್ತಾರೆ. ಅವರು ಮುಂದಕ್ಕೆ ಕಳಿಸಿದರೆ ನಮ್ಮ ಗದಗಿನ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಜಿಮ್ಸ್ ಇದೆ, ಹುಬ್ಬಳ್ಳಿಯಲ್ಲಿ ಜನ ಕಿಮ್ಸ್ ಎನ್ನುವ ಅಂಥದೇ ಆಸ್ಪತ್ರೆ ಇದೆ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಯಾರಿಗೆ ಕೇಳಬೇಕು ತಿಳಿಯದಿದ್ದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416, ದುಡ್ಡು ಬೀಳುವುದಿಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ. ಬೈದದ್ದಕ್ಕೆ ಅಳಬೇಡಿ. ಇವತ್ತು ಮನೆಗೆ ಹೋಗಿ ಅವನ ಪಕ್ಕ ಕೂತು ಒಂದು ಪ್ರಶ್ನೆ ಕೇಳಿ: ಅದು ಬರೂಕಿಂತ ಮೊದಲ ನಿನಗ ಏನ್ ಅನಸ್ತೈತಿ? ಎಂಟು ವರ್ಷದ ಹುಡುಗ, ಹೇಳಲು ಬಾರದಿದ್ದರೆ ಬಿಡಿ. ಹೇಳಿದರೆ ಪೂರ್ತಿ ಕೇಳಿ. ನಾನು ಸಭೆ ಮುಗಿದ ಮೇಲೆ ಹಿಂದಿನ ಬಾಗಿಲ ಹತ್ತಿರ ಇರುತ್ತೇನೆ, ಬನ್ನಿ.